ಕುಸುರೆಳ್ಳಿಗೆ ಮುಳ್ಳು ಬರುವ ಹೊತ್ತು

ನನಗೊಂದು ಚಾಳಿ ಇದೆ. ಮಾತಾಡಲು ಬಾಯಿ ತೆರೆಯುವ ಮುಂಚೆ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ತಿಕ್ಕುತ್ತೇನೆ. ಮನೆಯವರಿಗೆ ಇದು ರೂಢಿಯಾಗಿಹೋಗಿದೆ, ಯಾರೂ ಗಮನಿಸುವುದಿಲ್ಲ. ಆದರೆ ಹೋದ ತಿಂಗಳು ನಮ್ಮ ಬಡಾವಣೆಯ ಮಹಿಳಾ ಮಂಡಳದವರು ನನ್ನನ್ನು ಕರೆದೊಯ್ದು ಎತ್ತರದ ಕುರ್ಚಿಯ ಮೇಲೆ ಕೂಡಿಸಿ, "ಹಬ್ಬಗಳು ಮತ್ತು ಮಕ್ಕಳ ಶಿಕ್ಷಣ" ಎಂಬ ಭಾರವಾದ ವಿಷಯ ಕೊಟ್ಟು, ಮುಂದೆ ಮೈಕು ನಿಲ್ಲಿಸಿದರು. ನಾನು ಎದ್ದು ನಿಂತು, ಅಭ್ಯಾಸಬಲದಿಂದ, ಅರ್ಧ ನಿಮಿಷ ಬೆರಳು ತಿಕ್ಕುತ್ತ ನಿಂತೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಟ್ಟ ಹುಡುಗಿ ತನ್ನ ತಾಯಿಗೆ, "ಅವ್ವಾ, ಅಜ್ಜಿ ತಂಬಾಕ ತಿಕ್ಕಲಿಕತ್ತಾರೇನು?" ಎಂದು ಕೇಳಿದ್ದು ಮೈಕಿನ ಕೃಪೆಯಿಂದ ಇಡೀ ಸಭೆಗೆ ಕೇಳಿಸಿತು.

ಸಭೆ ನಕ್ಕಿತು, ನಾನೂ ನಕ್ಕೆ. ಆಮೇಲೆ ಹಬ್ಬಗಳಿಂದ ಐಕ್ಯ ಬೆಳೆಯುತ್ತದೆ, ಸಂಸ್ಕೃತಿ ಉಳಿಯುತ್ತದೆ, ಋತುಮಾನಕ್ಕೆ ತಕ್ಕ ಆಹಾರದಿಂದ ಆರೋಗ್ಯ ಸುಧಾರಿಸುತ್ತದೆ ಎಂದೆಲ್ಲ ಹೇಳಿ, ಶಾಲು ಹೊದೆಸಿಕೊಂಡು, ಮನೆಗೆ ಬಂದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ನನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳಿರಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಅದೇ ನನ್ನ ಭಾಷಣವಾಗುತ್ತಿತ್ತು. ಅಲ್ಲಿ ತಪ್ಪಿದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತೇನೆ; ನೀವು ಶಾಲು ತರಬೇಕಾಗಿಲ್ಲ.

ನಾನು ಬೆಳೆದದ್ದು ಧಾರವಾಡದಲ್ಲಿ. ಆಗ ಇಂಗ್ಲಿಷರ ರಾಜ್ಯ, ನಾವು ಮುಂಬಯಿ ಇಲಾಖೆಯವರು. ಅಪ್ಪ ಕಚೇರಿಯಲ್ಲಿ ಕಾರಕೂನ. ನಾಲ್ಕು ಮನೆಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡ ಒಂದು ವಾಡೆಯಲ್ಲಿ ನಮ್ಮದು ಬಾಡಿಗೆ ಮನೆ. ಆ ಊರಿನಲ್ಲಿ ವರ್ಷವೆಂದರೆ ಹಬ್ಬಗಳನ್ನು ಪೋಣಿಸಿದ ದಾರ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ನನ್ನ ಎತ್ತಿನ ಕಾಲುಗಳು ಅದರ ಮೈಯ ಭಾರ ತಡೆಯದೆ ಬಾಗಿ, ಅದು ಪ್ರತಿವರ್ಷ ಕುಳಿತೇ ಬಿಡುತ್ತಿತ್ತು. "ಉತ್ತು ದಣದದ" ಎಂದು ನಾನು ಸಮರ್ಥಿಸಿಕೊಳ್ಳುತ್ತಿದ್ದೆ. ನಾಗರ ಪಂಚಮಿಗೆ ತರುಣರು ಊರಗಸಿಯ ಬಾಗಿಲಿನಿಂದ ಹೆಬ್ಬಳ್ಳಿ ದಾರಿಯ ಆಲದ ಮರದವರೆಗೆ ಎಷ್ಟು ಒಗೆತಕ್ಕೆ ನಿಂಬೆಹಣ್ಣು ಮುಟ್ಟೀತು ಎಂದು ತೆಂಗಿನಕಾಯಿ ಪಣ ಕಟ್ಟುತ್ತಿದ್ದರು. ಗಣಿತದಲ್ಲಿ ಮೂರು ಸಲ ನಪಾಸಾದವನೊಬ್ಬ ದೂರವನ್ನು ಕಣ್ಣಳತೆಯಲ್ಲೇ ಹೇಳಿ ಹನ್ನೊಂದು ಕಾಯಿ ಗೆದ್ದದ್ದನ್ನು ನಾನು ಕಂಡಿದ್ದೇನೆ. ದಸರೆಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು, "ಇವತ್ತು ಯಾರೂ ಓದಬಾರದು" ಎನ್ನುತ್ತಿದ್ದರು. ವರ್ಷದಲ್ಲಿ ನನಗೆ ಓದಬೇಕು ಎಂದು ತೀರ ಅನ್ನಿಸುತ್ತಿದ್ದ ದಿನ ಅದೊಂದೇ. ಹೂವಿನ ಕೆಳಗಿನ ಪುಟವನ್ನು ಬೆರಳಿನಿಂದ ಎತ್ತಿ ಕಳ್ಳತನದಲ್ಲಿ ಎರಡು ಸಾಲು ಓದಿದ್ದರ ರುಚಿ ಇವತ್ತಿಗೂ ಮರೆತಿಲ್ಲ.

ಇವೆಲ್ಲ ಇರಲಿ. ನನ್ನ ಬದುಕನ್ನೇ ಹಿಡಿದು ತಿರುಗಿಸಿದ ಹಬ್ಬ ಸಂಕ್ರಾಂತಿ.

ಅದನ್ನು ಹೇಳುವ ಮೊದಲು ಒಂದು ಸಂಗತಿ ಒಪ್ಪಿಕೊಳ್ಳಬೇಕು. ಈಗ ನನ್ನ ಮಾತಿಗೆ ಪೂರ್ಣವಿರಾಮವೇ ಇಲ್ಲವೆಂದು ಸೊಸೆ ಆಡಿಕೊಳ್ಳುತ್ತಾಳೆ. ಆದರೆ ಒಂಬತ್ತರ ವಯಸ್ಸಿನಲ್ಲಿ ನನ್ನ ಮಾತಿಗೆ ಆರಂಭವೇ ಇರಲಿಲ್ಲ. ನನಗೆ ಉಗ್ಗು ಇತ್ತು. ಎಲ್ಲ ಅಕ್ಷರಗಳೂ ಅಲ್ಪಸ್ವಲ್ಪ ಕಾಡುತ್ತಿದ್ದವು, ಆದರೆ ಕಕಾರ ಮಾತ್ರ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕುಳಿತುಬಿಡುತ್ತಿತ್ತು. ಹೆತ್ತವರಿಗೆ ಇದು ಗೊತ್ತಿಲ್ಲದ ಕಾಲದಲ್ಲಿ ಅವರು ನನಗಿಟ್ಟ ಹೆಸರು ಕಮಲಾ. ಯಾರಾದರೂ "ನಿನ್ನ ಹೆಸರೇನು?" ಎಂದರೆ ನಾನು ಅವ್ವನ ಮುಖ ನೋಡುತ್ತಿದ್ದೆ.

ಉಗ್ಗುವವರು ಬಹಳ ಯುಕ್ತಿವಂತರಾಗಿರುತ್ತಾರೆ. ಕಠಿಣವಾದ ಶಬ್ದ ಬರುವ ಮುಂಚೆಯೇ ಅದರ ವಾಸನೆ ಹಿಡಿದು ಪಕ್ಕದ ಓಣಿಗೆ ಹೊರಳಿಬಿಡುತ್ತಾರೆ. ಕುದುರೆ ಅನ್ನಲಾಗದೆ ನಾನು "ಟಾಂಗಾ ಎಳೀತದಲ್ಲ, ಅದು" ಅನ್ನುತ್ತಿದ್ದೆ. ಒಮ್ಮೆ ಅವ್ವ ಹೋಳಿಗೆಗೆಂದು ಕಡಲೆಬೇಳೆ ತರಲು ಅಂಗಡಿಗೆ ಕಳಿಸಿದಳು. ದಾರಿಯುದ್ದಕ್ಕೂ "ಕಡ್ಲಿಬ್ಯಾಳಿ, ಕಡ್ಲಿಬ್ಯಾಳಿ" ಎಂದು ಸರಾಗವಾಗಿ ಹೇಳಿಕೊಳ್ಳುತ್ತ ಹೋದೆ. ಅಂಗಡಿಯಲ್ಲಿ ಹಿಂದೆ ಆರು ಜನ ನಿಂತಿದ್ದರು. "ಕ... ಕ..." ಎಂದೆ. ಶೆಟ್ಟರು ತಕ್ಕಡಿ ಹಿಡಿದು ಕಾದರು. ಹಿಂದಿನವರು ಕೆಮ್ಮಿದರು. "ತೊಗರಿಬ್ಯಾಳಿ" ಎಂದುಬಿಟ್ಟೆ. ಆ ದಿನ ನಮ್ಮ ಮನೆಯಲ್ಲಿ ತೊಗರಿಬೇಳೆಯ ಹೋಳಿಗೆಯಾಯಿತು. ಅಪ್ಪ ಉಣ್ಣುತ್ತ, "ಇವತ್ತಿನ ಹೋಳಿಗಿ ರುಚಿನಽ ಬ್ಯಾರೆ ಅದಲ್ಲ" ಎಂದರು. ಅವ್ವ ನನ್ನ ಕಡೆ ನೋಡಿ ಸುಮ್ಮನೆ ತುಪ್ಪ ಬಡಿಸಿದಳು. ಬೈದಿದ್ದರೆ ವಾಸಿಯಿತ್ತು.

ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ಮೂರನೆಯ ಇಯತ್ತೆ. ನಮಗೆ ಕಲಿಸುತ್ತಿದ್ದವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಹೆಸರು ನಮಗೆ ಗೊತ್ತಿರಲಿಲ್ಲ, ಅವರಿಗೊಂದು ಹೆಸರಿರಬಹುದು ಎಂದು ತೋಚಿರಲೂ ಇಲ್ಲ. ಅಂಚಿಲ್ಲದ ಬಿಳಿಯ ಸೀರೆ, ಬಿಗಿದು ಕಟ್ಟಿದ ತುರುಬು, ಬೋಳು ಹಣೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಟ್ರೇನಿಂಗು ಮುಗಿಸಿ ನೌಕರಿಗೆ ಸೇರಿದವರು. ನಗುವುದನ್ನು ಯಾರೂ ಕಂಡಿರಲಿಲ್ಲ. ಅವರು ಪ್ರಶ್ನೆ ಕೇಳಿ, ಮೇಜಿನ ಮೇಲೆ ಪಟ್ಟಿಯಿಂದ ಮೂರು ಸಲ ಬಡಿಯುತ್ತಿದ್ದರು. ಮೂರನೆಯ ಪೆಟ್ಟಿಗೆ ಉತ್ತರ ಬರದಿದ್ದರೆ, "ಮುಂದಿನಾಕಿ" ಎನ್ನುತ್ತಿದ್ದರು. ಅವರ ತಪ್ಪೇನೂ ಇಲ್ಲ. ವರ್ಗದಲ್ಲಿ ನಲವತ್ತು ಹುಡುಗಿಯರಿದ್ದರು. ಆದರೆ ನನಗೆ ಉತ್ತರ ಗೊತ್ತಿರುತ್ತಿತ್ತು. ಅದು ನಾಲ್ಕನೆಯ ಪೆಟ್ಟಿಗೆ ಬರುತ್ತಿತ್ತು.

ಮಾರ್ಗಶಿರದ ಕೊನೆಗೆ ಅಕ್ಕೋರು ಅಪ್ಪನಿಗೆ ಒಂದು ಚೀಟಿ ಕಳಿಸಿದರು. ಹುಡುಗಿ ಬರೆಯುವುದರಲ್ಲಿ ಸುಮಾರಾಗಿದ್ದಾಳೆ, ಆದರೆ ಬಾಯಿ ಪರೀಕ್ಷೆಯಲ್ಲಿ ಒಂದಕ್ಕೂ ಉತ್ತರ ಹೇಳುವುದಿಲ್ಲ, ಮುಂದಿನ ಇಯತ್ತೆಗೆ ಹಾಕುವುದು ಕಠಿಣ ಎಂದು ಅದರಲ್ಲಿತ್ತು. ಅಪ್ಪ ಕಚೇರಿಯ ಕಾಗದದಂತೆ ಅದನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಸಂಜೆ ಅಡುಗೆಮನೆಯಲ್ಲಿ ಅವರು ಅವ್ವನಿಗೆ ಹೇಳಿದ್ದು ನನಗೆ ಬಾಗಿಲ ಹಿಂದಿನಿಂದ ಕೇಳಿಸಿತು.

"ಹೆಣ್ಣು ಹುಡುಗಿ. ಕಾಗದ ಬರಿಲಿಕ್ಕೆ ಓದಲಿಕ್ಕೆ ಬಂತಲ್ಲ, ಸಾಕು. ದಿನಾ ನಾಕು ಮಂದಿ ಮುಂದ ಅಪಮಾನ ಯಾಕ ಆಗಬೇಕು ಕೂಸಿಗೆ? ಸಂಕ್ರಮಣ ಆಗಲಿ, ಬಿಡಿಸಿಬಿಡೋಣು."

ಅಪ್ಪ ನನ್ನ ಮೇಲಿನ ಮಾಯೆ-ಮಮತೆಯಿಂದಲೇ ಆ ಮಾತು ಆಡಿದ್ದರು. ಅದಕ್ಕೇ ನನಗೆ ಹೆಚ್ಚು ಅಳು ಬಂತು. ನನಗೆ ಸಾಲೆ ಬೇಕಾಗಿತ್ತು. ಬೇಕು ಎಂದು ಹೇಳಲು ಬಾಯಿ ತೆರೆದರೆ ಬರುವುದು ಏನು ಎಂದು ನನಗೆ ಗೊತ್ತಿದ್ದರಿಂದ ಸುಮ್ಮನಿದ್ದೆ.

ಈಗ ಗಂಗಕ್ಕ ಬರಬೇಕು. ನಮ್ಮ ಎದುರು ಬಾಗಿಲಿನವರು. ತವರು ಹೆಬ್ಬಳ್ಳಿ, ಗಂಡನದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ, ವಾರಕ್ಕೆರಡು ದಿನ ಮನೆಗೆ ಬಂದರೆ ಹೆಚ್ಚು. ಗಂಗಕ್ಕನ ಹಣೆಯಲ್ಲಿ ಯಾವಾಗಲೂ ಮೂರು ಬೆರಳ ವಿಭೂತಿ, ಬಾಯಲ್ಲಿ ಯಾವಾಗಲೂ ಯಾರ ಮೇಲಾದರೂ ಒಂದು ದೂರು. ಹಾಲಿನವನು ತಡಮಾಡಿದರೆ ಅವರು ಅವನೊಬ್ಬನನ್ನು ಬೈಯುತ್ತಿರಲಿಲ್ಲ. ಅವನ ಎಮ್ಮೆ, ಅದು ಮೇದ ಹುಲ್ಲು, ಹುಲ್ಲು ಬೆಳೆದ ಹೊಲ, ಎಲ್ಲವನ್ನೂ ಬೈಯುತ್ತಿದ್ದರು. ಆದರೆ ಆ ಗಂಗಕ್ಕ ಮಾಡುವಂಥ ಕುಸುರೆಳ್ಳು ಧಾರವಾಡದಲ್ಲಿ ಇನ್ನೊಬ್ಬರು ಮಾಡುತ್ತಿರಲಿಲ್ಲ.

ಕುಸುರೆಳ್ಳು ಕಾಣದವರಿಗಾಗಿ ಒಂದು ಮಾತು. ಒಂದು ಎಳ್ಳಿನ ಕಾಳಿನ ಸುತ್ತ ಸಕ್ಕರೆ ಪಾಕ ಹನಿಹನಿಯಾಗಿ ಗಟ್ಟಿಯಾಗಿ, ಮೈತುಂಬ ಸಣ್ಣ ಸಣ್ಣ ಮುಳ್ಳು ಎದ್ದು, ಬಿಳಿಯ ನಕ್ಷತ್ರದಂತೆ ಆಗುತ್ತದೆ. ಸಂಕ್ರಾಂತಿಯ ದಿನ ಅದನ್ನು ಮನೆಮನೆಗೆ ಒಯ್ದು ಕೊಡಬೇಕು. ಕೊಡುವಾಗ "ಕುಸುರೆಳ್ಳು ತೊಗೊಂಡು ಕುಸುರೆಳ್ಳಿನ್ಹಾಂಗ ಇರೋಣ್ರಿ" ಎನ್ನಬೇಕು. ಒಂದು ವಾಕ್ಯದಲ್ಲಿ ಎರಡು ಕಕಾರ! ಈ ಸಂಪ್ರದಾಯ ಮಾಡಿದವರ ಮೇಲೆ ನನಗೆ ಬಹಳ ಸಿಟ್ಟಿತ್ತು. ಪ್ರತಿವರ್ಷ ಗೆಳತಿ ಸುಮಿತ್ರಾ ಜೊತೆಗಿರುತ್ತಿದ್ದಳು. ನಾನು ಕೈಗೆ ಹಾಕುತ್ತಿದ್ದೆ, ಅವಳು ಮಾತು ಹೇಳುತ್ತಿದ್ದಳು. ನನ್ನದು ಕೈ, ಅವಳದು ಬಾಯಿ. ಹೀಗೆ ಇಬ್ಬರೂ ಕೂಡಿ ಒಂದು ಹುಡುಗಿಯಾಗುತ್ತಿದ್ದೆವು. ಆ ವರ್ಷ ಸುಮಿತ್ರಾ ಹಬ್ಬಕ್ಕೆ ಬೆಂಗೇರಿಯ ಸೋದರಮಾವನ ಮನೆಗೆ ಹೋಗುವವಳಿದ್ದಳು.

ಹಬ್ಬಕ್ಕೆ ಐದು ದಿನವಿರುವಾಗ ಗಂಗಕ್ಕ ಅಂಗಳದಲ್ಲಿ ನಿಂತು ಅವ್ವನಿಗೆ ಕೂಗಿ ಹೇಳಿದರು:

"ನಾಳಿಂದ ಮುಂಜಾನೆ ನಿಮ್ಮ ಕಮಲೀನ್ನ ನನ್ನ ಕಡೆ ಕಳಸ್ರಿ. ಕುಸುರೆಳ್ಳು ಮಾಡೂವಾಗ ಮಾತಾಡಿದ್ರ ಮುಳ್ಳು ಬರೂದಿಲ್ಲ. ಈ ವಾಡೇದಾಗ ಬಾಯಿ ಮುಚ್ಚಿಕೊಂಡು ಇರೂ ಹುಡುಗಿ ಇದೊಂದಽ ಐತಿ."

ನನ್ನ ಉಗ್ಗಿಗೆ ಜೀವನದಲ್ಲಿ ಸಿಕ್ಕ ಮೊದಲ ಪ್ರಶಸ್ತಿ ಇದು. ಅವ್ವನಿಗೆ ಬೇಸರವಾಯಿತು, ನನಗೆ ಮಾತ್ರ ಹೆಮ್ಮೆಯೆನಿಸಿತು.

ಮುಂಜಾನೆಯ ಚಳಿಯಲ್ಲಿ, ಕೋಳಿ ಕೂಗಿದ ಮೇಲೆ, ಗಂಗಕ್ಕ ಶೇಗಡಿ ಒಲೆಗೆ ಇದ್ದಿಲು ಹಾಕಿ, ಕೆಂಡದ ಮೇಲೆ ಬೂದಿ ಮುಚ್ಚಿ, ಅದರ ಮೇಲೆ ಪರಾತವೆಂಬ ಹಿತ್ತಾಳೆಯ ಅಗಲ ತಟ್ಟೆ ಇಡುತ್ತಿದ್ದರು. ಬೆಂಕಿ ಹೆಚ್ಚಾದರೆ ಎಳ್ಳು ಕಂದುತ್ತದೆ, ಕಡಿಮೆಯಾದರೆ ಪಾಕ ಒಣಗುವುದಿಲ್ಲ, ಬಿಸಿಲೇರಿದರೆ ಮುಳ್ಳು ಏಳುವುದಿಲ್ಲ. ತವರಿನಿಂದ ಬಂದ ಎಳ್ಳನ್ನು ತೊಳೆದು, ಸಿಪ್ಪೆ ತೆಗೆದು, ಒಣಗಿಸಿ ಇಟ್ಟಿದ್ದರು. ಪರಾತದಲ್ಲಿ ಒಂದು ಹಿಡಿ ಎಳ್ಳು, ಅದರ ಮೇಲೆ ಚಮಚದ ತುದಿಯಿಂದ ನಾಲ್ಕು ಹನಿ ಪಾಕ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ, ಬಿಡದೆ, ತಿಕ್ಕುತ್ತಿರಬೇಕು. ಒಣಗಿತೋ, ಮತ್ತೆ ನಾಲ್ಕು ಹನಿ. ಮತ್ತೆ ತಿಕ್ಕು. ಒಂದು ಮುಂಜಾನೆಗೆ ಮುಗಿಯುವ ಕೆಲಸವಲ್ಲ. ನಾಲ್ಕು ಮುಂಜಾನೆ ಬೇಕು.

ಮೊದಲ ದಿನ ನಾನು ಲಗೂ ಆಗಲೆಂದು ಅರ್ಧ ಚಮಚ ಪಾಕ ಒಮ್ಮೆಲೇ ಸುರಿದೆ. ಎಳ್ಳೆಲ್ಲ ಅಂಟಿಕೊಂಡು ಗಂಟಾಯಿತು. ಹಾಲಿನವನ ಎಮ್ಮೆಗೆ ಆದ ಗತಿ ನನಗೂ ಆಗುತ್ತದೆಂದು ಕಣ್ಣು ಮುಚ್ಚಿಕೊಂಡೆ. ಗಂಗಕ್ಕ ಬೈಯಲಿಲ್ಲ. ಗಂಟುಗಳನ್ನು ಆರಿಸಿ ನನ್ನ ಅಂಗೈಗೆ ಹಾಕಿ, "ತಿನ್ನು" ಎಂಬಂತೆ ಕಣ್ಣಿನಿಂದ ತೋರಿಸಿ, ಹೊಸ ಎಳ್ಳು ಹಾಕಿದರು. ಎರಡನೆಯ ದಿನ ಬೆರಳು ಸುಟ್ಟಿತು. ತುಪ್ಪ ಹಚ್ಚಿಕೊಂಡು ಕುಳಿತೆ. ಎರಡು ದಿನ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಗಂಗಕ್ಕ ಅಷ್ಟು ಹೊತ್ತು ಸುಮ್ಮನಿರುವುದನ್ನು ಕಂಡು ಅಂಗಳದ ಬಾವಿಗೆ ಬಂದ ಹೆಂಗಸರು ಒಳಗೆ ಇಣುಕಿ ನೋಡಿ ಹೋದರು.

ಮೂರನೆಯ ಮುಂಜಾನೆ ಪರಾತದಿಂದ ಕಣ್ಣು ತೆಗೆಯದೆ ಗಂಗಕ್ಕ ಮೆತ್ತಗೆ ಕೇಳಿದರು: "ನಿನ್ನ ಸಾಲಿ ಬಿಡಸ್ತಾರಂತ? ಖರೇ ಏನು?"

ನಾನು ತಲೆಯಾಡಿಸಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲವಾದ್ದರಿಂದ ತಲೆಯಾಡಿಸಿದ್ದು ಅವರಿಗೆ ಕಾಣಲಿಲ್ಲ. ಮಾತಿನಿಂದಲೇ ಹೇಳಬೇಕಾಯಿತು. ನಾನೂ ಪರಾತವನ್ನೇ ನೋಡುತ್ತ, ಬೆರಳು ಆಡಿಸುತ್ತ, "ಹೂಂ ರೀ" ಎಂದೆ.

"ಯಾಕಂತ?"

ನಾನು ಹೇಳತೊಡಗಿದೆ. ನಡುವೆ ಎಲ್ಲೋ ಎರಡು ಕಡೆ ಮಾತು ತಡೆಯಿತು. ನಾನು ಉಗ್ಗಿದರೆ ಎಲ್ಲರೂ ಒಳ್ಳೆಯ ಮನಸ್ಸಿನಿಂದ ನನ್ನ ಶಬ್ದವನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಅವ್ವ ನನ್ನ ತುಟಿಯನ್ನೇ ನೋಡುತ್ತ ತಾನೂ ತುಟಿಯಾಡಿಸುತ್ತಿದ್ದಳು. ಗಂಗಕ್ಕ ಏನೂ ಮಾಡಲಿಲ್ಲ. ಅವರ ಕಣ್ಣು ಎಳ್ಳಿನ ಮೇಲಿತ್ತು, ಕೈಗೆ ಬಿಡುವಿರಲಿಲ್ಲ. ತಡೆದ ಶಬ್ದ ತನ್ನಷ್ಟಕ್ಕೆ ತಾನು ಬಂತು. ಅದರ ಹಿಂದೆ ಇನ್ನೊಂದು ಬಂತು. ಪಟ್ಟಿಯ ಮೂರು ಪೆಟ್ಟು, ನಾಲ್ಕನೆಯ ಪೆಟ್ಟಿಗೆ ಬರುವ ಉತ್ತರ, ಅಪ್ಪನ ಕಿಸೆಯ ಚೀಟಿ, ಎಲ್ಲವನ್ನೂ ಹೇಳಿದೆ. ಕಡಲೆಬೇಳೆಯ ಕತೆಯನ್ನೂ ಹೇಳಿದೆ. 'ಕಡ್ಲಿಬ್ಯಾಳಿ' ಎಂದೇ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಎಷ್ಟೋ ಹೊತ್ತಿಗೆ, ನಾನು ಅಷ್ಟೆಲ್ಲ ಮಾತಾಡಿದೆನೆಂದು ನನಗೆ ಗೊತ್ತಾಯಿತು.

ಗಂಗಕ್ಕ "ಪಾಕ ಹಾಕು" ಎಂದರು. ಹಾಕಿದೆ.

ಬೆಳಕು ಹರಿದು ಪರಾತದ ಮೇಲೆ ಬಿದ್ದಾಗ ನೋಡಿದರೆ ಒಂದೊಂದು ಕಾಳಿನ ಮೈಮೇಲೂ ಬಿಳಿಯ ಮುಳ್ಳು ಎದ್ದಿದ್ದವು.

"ಮಾತಾಡಿದ್ರ ಮುಳ್ಳು ಬರೂದಿಲ್ಲ ಅಂದಿದ್ರಿ," ಎಂದೆ.

"ಜಗಳದ ಮಾತಿಗೆ ಬರೂದಿಲ್ಲವಾ," ಎಂದರು ಗಂಗಕ್ಕ. "ಸುಖಾ ದುಃಖಾ ಮಾತಾಡಿದ್ರ ಬರ್ತಾವ."

ನಾಲ್ಕನೆಯ ದಿನ ಅವರು ನನ್ನ ಪಾಲಿನ ಕುಸುರೆಳ್ಳನ್ನು ಒಂದು ಬೆಳ್ಳಿಯ ಗಿಂಡಿಯಷ್ಟಿದ್ದ ಡಬ್ಬಿಯಲ್ಲಿ ತುಂಬಿ ಕೊಟ್ಟರು. "ಮೊದಲ ಯಾರ ಮನಿಗೆ ಹೊಕ್ಕೀ?" ಎಂದು ಕೇಳಿದರು. ಸುಮಿತ್ರಾಳ ಅಜ್ಜಿಯ ಮನೆಗೆ ಎಂದೆ.

"ಹಾಂಗಲ್ಲ. ಪ್ರೀತಿ ಇದ್ದವರಿಗೆ ನಾಳೆ ಕೊಟ್ರೂ ನಡೀತೈತಿ. ಯಾರನ್ನ ಕಂಡ್ರ ಎದಿ ನಡಗತೈತಿ, ಅವರ ಮನಿಗೆ ಮೊದಲ ಹೋಗಬೇಕು. ಹಬ್ಬ ಅದಕ್ಕಽ ಮಾಡ್ಯಾರ."

ಎದೆ ನಡುಗುವುದೆಂದರೆ ಅಕ್ಕೋರೇ. ನನಗೆ ಗಂಗಕ್ಕನ ತತ್ವ ಅಷ್ಟಾಗಿ ಹಿಡಿಸಲಿಲ್ಲ, ಆದರೆ ಅದರಲ್ಲಿ ಒಂದು ಲಾಭ ಕಂಡಿತು. ಇಷ್ಟು ಚಂದದ ಕುಸುರೆಳ್ಳು ಕೊಟ್ಟರೆ ಅಕ್ಕೋರು ಮರುಳಾಗಿ ಮುಂದಿನ ಇಯತ್ತೆಗೆ ಹಾಕಿಬಿಡಬಹುದು! ನಿಜ ಹೇಳಬೇಕೆಂದರೆ ನಾನು ಹೋದದ್ದು ಲಂಚ ಕೊಡಲಿಕ್ಕೆ.

ಸಂಕ್ರಾಂತಿಯ ಮುಂಜಾನೆ ಅವ್ವನಿಗೆ ಹೇಳಿದಾಗ ಅವಳು ಜಡೆ ಹೆಣೆಯುವ ಕೈ ನಿಲ್ಲಿಸಿದಳು. "ಅಕ್ಕೋರ ಮನಿಗೇ? ಹಬ್ಬದ ದಿನ ಅವರ ಮನಿಗೆ ಯಾರು ಹೋಗ್ತಾರ? ಕುಂಕುಮ ಕೊಡೋ ಹಾಂಗಿಲ್ಲ, ತೊಗೊಳೋ ಹಾಂಗಿಲ್ಲ." ಮತ್ತೆ ಹೆಣೆಯತೊಡಗಿ, "ನೀ ಹುಡುಗಿ. ಹೋಗಿ ಬಾ" ಎಂದಳು.

ಹೊಸ ಲಂಗ, ನಮ್ಮ ಕಡೆಯ ಪರಕಾರ, ತೊಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟೆ. ಅಕ್ಕೋರಿದ್ದದ್ದು ಎರಡು ಓಣಿಯಾಚೆ, ಒಂದು ಮನೆಯ ಹಿತ್ತಲಿನ ಒಂಟಿ ಕೋಣೆ. ಮುಂದಿನ ಮನೆಯಲ್ಲಿ ಹೆಂಗಸರು ಬರುವುದು ಹೋಗುವುದು, ಬಳೆಗಳ ಸದ್ದು, ಗೋಧಿ-ಬೆಲ್ಲದ ಮಾದಲಿಯ ಪರಿಮಳ. ಹಿತ್ತಲಿಗೆ ಹೋದರೆ ಅದಾವುದೂ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಅಕ್ಕೋರು ನೆಲದ ಮೇಲೆ ಕುಳಿತು ಹರಿದ ಸೆರಗಿಗೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ವರ್ಗದಲ್ಲಿ ಕೇಳಿದಂತೆಯೇ ಕೇಳಿದರು: "ಏನು?"

ಪರಕಾರದ ಮಡಿಕೆಯೊಳಗೆ ನನ್ನ ಬೆರಳುಗಳು ತಾವಾಗಿಯೇ ಆಡತೊಡಗಿದವು. ಕಣ್ಣು ಕೆಳಗೆ ಹಾಕಿ ಡಬ್ಬಿಯೊಳಗಿನ ಬಿಳಿಯ ಕಾಳುಗಳನ್ನು ನೋಡುತ್ತ ನಿಂತೆ. "ಕು..." ಎಂದೆ. ನಿಂತಿತು. ಪಟ್ಟಿಯ ಸದ್ದಿಗಾಗಿ ಕಾದೆ. ಅವರ ಕೈಯಲ್ಲಿ ಸೂಜಿ ಮಾತ್ರ ಇತ್ತು. ಮತ್ತೆ ಬೆರಳು ಆಡಿಸಿದೆ. "ಕುಸುರೆಳ್ಳು ತೊಗೊಂಡು ಕುಸುರೆಳ್ಳಿನ್ಹಾಂಗ ಇರೋಣ್ರಿ."

ಬಂತು! ಇಡೀ ವಾಕ್ಯ ಬಂತು. ಅವರ ಅಂಗೈಗೆ ಕುಸುರೆಳ್ಳು ಹಾಕಿ, ಕಾಲಿಗೆ ಬಿದ್ದು, ಎದ್ದು ನಿಂತೆ. ಇನ್ನು ಅವರು "ಶಾಣ್ಯಾ ಆಗು" ಎಂದೋ, "ಛಲೋ ಇರು" ಎಂದೋ ಹರಸಬೇಕು, ನಾನು ಓಡಬೇಕು.

ಅಕ್ಕೋರು ಅಂಗೈಯನ್ನು ನೋಡುತ್ತ ಕುಳಿತಿದ್ದರು. ತುಟಿ ಸ್ವಲ್ಪ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ್ದೆ. ಒಳಗಿನ ಮಾತು ಹೊರಗೆ ಬರಲಾರದೆ ನಿಂತವರ ಮುಖ ಅದು. ಇಡೀ ಸಾಲೆ ನಡುಗುವಂಥ ಮಾತಿನ ಅಕ್ಕೋರಿಗೆ ಹೀಗೇಕಾಯಿತೆಂದು ನನಗೆ ತಿಳಿಯಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಎದುರಿಗಿದ್ದವರು ಏನು ಮಾಡಬೇಕು ಎಂಬುದು ಧಾರವಾಡದಲ್ಲಿ ನನ್ನಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ನಾನು ಅವರ ಮುಖದಿಂದ ಕಣ್ಣು ತೆಗೆದು, ಗೋಡೆಯ ಗೂಟಕ್ಕೆ ತೂಗುಹಾಕಿದ ಛತ್ರಿಯನ್ನು ನೋಡುತ್ತ ಸುಮ್ಮನೆ ನಿಂತೆ. ಅವಸರ ಮಾಡಲಿಲ್ಲ.

ಬಹಳ ಹೊತ್ತಾದ ಮೇಲೆ ಅವರ ದನಿ ಬಂತು. ವರ್ಗದ ದನಿಯಲ್ಲ.

"ಯಾರು ಮಾಡಿದ್ರು?"

"ನಾನಽ ರೀ. ಗಂಗಕ್ಕ ತೋರಿಸಿದ್ರು, ನಾ ಮಾಡಿದೆ."

"ಮುಳ್ಳು ಛಲೋ ಬಂದಾವ." ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು. ಕಡಿಯಲಿಲ್ಲ, ಮಕ್ಕಳ ಹಾಗೆ ನಾಲಿಗೆಯ ಮೇಲಿಟ್ಟುಕೊಂಡು ಕುಳಿತರು. "ನಾ ಸಣ್ಣಾಕಿ ಇದ್ದಾಗ ನಮ್ಮವ್ವ ಮಾಡ್ತಿದ್ಲು. ಆಮ್ಯಾಲೆ ನನಗ ಇದನ್ನ ಯಾರೂ..." ಅಲ್ಲಿಗೆ ನಿಲ್ಲಿಸಿದರು.

ನನ್ನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಎದ್ದು ಹುಡುಕಾಡಿದರು. ಹಬ್ಬದ ತಿನಿಸು ಆ ಕೋಣೆಯಲ್ಲಿ ಏನೂ ಇರಲಿಲ್ಲ. ಕೊನೆಗೆ ಒಂದು ಹೊಸ ಬಳಪವನ್ನು ನನ್ನ ಕೈಗಿಟ್ಟರು. ನನ್ನ ಪರೀಕ್ಷೆಯ ಮಾತು ತೆಗೆಯಲು ನಾನು ಮರೆತೇಬಿಟ್ಟೆ. ಲಂಚ ಕೊಡಲು ಹೋದವಳು ಬಳಪ ತೆಗೆದುಕೊಂಡು ಬಂದೆ. ಉಳಿದ ಮನೆಗಳಲ್ಲಿ ಆ ಮಾತನ್ನು ಹತ್ತೊಂಬತ್ತು ಸಲ ಹೇಳಿದೆ. ಎಲ್ಲ ಸಲವೂ ಸರಾಗವಾಗಿ ಬಂತು ಎಂದರೆ ನೀವು ನಂಬಬೇಡಿ. ಒಂದು ಮನೆಯಲ್ಲಿ ನನ್ನ "ಕು... ಕು..." ಕೇಳಿ ಮುದುಕರೊಬ್ಬರು, "ಕೋಗಿಲಿ ಇನ್ನೂ ಎರಡು ತಿಂಗಳ ತಡದು ಬರಬೇಕಲ್ಲ!" ಎಂದರು. ಆದರೆ ಅವತ್ತು ನಾನೂ ಅವರ ಸಂಗಡ ನಕ್ಕೆ.

ಅಪ್ಪ ಇನ್ನೂ ಸಾಲೆ ಬಿಡಿಸಿರಲಿಲ್ಲ; ಮರುವಾರ ವರ್ಗದಲ್ಲಿ ಪದ್ಯ ಒಪ್ಪಿಸುವ ಸರದಿ ನನಗೆ ಬಂತು. ಎದ್ದು ನಿಂತೆ. ಮೊದಲ ಶಬ್ದ ಸಿಕ್ಕಿಕೊಂಡಿತು. ಹಬ್ಬ ಮುಗಿಸಿ ಬಂದಿದ್ದ ಸುಮಿತ್ರಾ ಪಕ್ಕದಿಂದ ಪಿಸುಗುಟ್ಟಿದಳು. ಹುಡುಗಿಯರು ಮೂರನೆಯ ಪೆಟ್ಟಿಗೆ ಕಾದರು. ಅಕ್ಕೋರು ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿದರು.

"ಸುಮಿತ್ರಾ, ಸುಮ್ಮನಿರು. ನಮಗೇನು ಗಾಡಿ ತಪ್ಪಿ ಹೋಗೋದದ ಏನು? ಆಕಿ ಹೇಳ್ತಾಳ."

ಹಾಗೆಂದು ಅವರು ನಮಗೆ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ನಾಳೆಯ ಲೆಕ್ಕ ಬರೆಯತೊಡಗಿದರು. ನನ್ನ ಮುಖ ನೋಡದಿರಲಿಕ್ಕಾಗಿ ಅವರು ಹಾಗೆ ಮಾಡಿದರೆಂದು ಆಗಲೇ ನನಗೆ ಗೊತ್ತಾಯಿತು. ಆ ದಿನ ಹಿತ್ತಲ ಕೋಣೆಯಲ್ಲಿ ನಾನು ಛತ್ರಿ ನೋಡುತ್ತ ನಿಂತದ್ದು ಅವರಿಗೂ ಗೊತ್ತಾಗಿದ್ದಿರಬೇಕು. ಬೆರಳು ತಿಕ್ಕಿದೆ. ಪದ್ಯ ಬಂತು. ತಡವಾಗಿ ಬಂತು, ಕುಂಟುತ್ತ ಬಂತು, ಆದರೆ ಕೊನೆಯ ಸಾಲಿನವರೆಗೂ ನಡೆದುಬಂತು.

ಸಾಲೆ ಬಿಡಿಸುವ ಸುದ್ದಿ ಹೇಗೋ ಅಕ್ಕೋರ ಕಿವಿಗೂ ಮುಟ್ಟಿ, ತಿಂಗಳೊಳಗೆ ಅಪ್ಪನಿಗೆ ಅವರ ಎರಡನೆಯ ಚೀಟಿ ಬಂತು. ಅಪ್ಪ ಅದನ್ನೂ ಎರಡು ಸಲ ಓದಿದರು. ಎರಡನೆಯ ಸಲ ಗಟ್ಟಿಯಾಗಿ. "ನಿಮ್ಮ ಮಗಳು ಉತ್ತರ ಹೇಳುವುದಿಲ್ಲವೆಂದು ಬರೆದಿದ್ದೆ. ಅದು ನನ್ನ ತಪ್ಪು. ನಾನು ಕಾಯಲಿಲ್ಲ.

ದಯಮಾಡಿ ಸಾಲೆ ಬಿಡಿಸಬೇಡಿರಿ." ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಕಚೇರಿಯ ಜೀವನದಲ್ಲಿ ತಪ್ಪು ತನ್ನದೆಂದು ಬರೆದು ಸಹಿ ಮಾಡಿದ ಕಾಗದವನ್ನು ಅವರು ಎಂದೂ ಕಂಡಿರಲಿಲ್ಲವಂತೆ.

ನಾನು ನಾಲ್ಕನೆಯ ಇಯತ್ತೆಗೆ ಹೋದೆ. ಮತ್ತೆ ಸಂಕ್ರಾಂತಿ ಬಂತು. ಆ ಸಲ ಪರಾತದ ಮುಂದೆ ನಾನು ಕುಳಿತುಕೊಂಡೆ. ಗಂಗಕ್ಕ ಪಕ್ಕದಲ್ಲಿ ಕುಳಿತು ಹಾಲಿನವನ ವಿಷಯ ಹೇಳಿದರು. ಅದು ಜಗಳದ ಮಾತಾದ್ದರಿಂದ ಎರಡು ದಿನ ಮುಳ್ಳು ಬರಲಿಲ್ಲ ಎಂದು ನಾನು ಅವರನ್ನು ಕಾಡಿಸಿದೆ. ಹಬ್ಬದ ಮಧ್ಯಾಹ್ನ ನಾನು ಡಬ್ಬಿ ಹಿಡಿದು ಹೊರಟಾಗ, ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರಿಷಿಣ ಕುಂಕುಮದ ತಟ್ಟೆಯಿರಲಿಲ್ಲ. ಒಂದು ಬಟ್ಟಲು ಮಾದಲಿ ಇತ್ತು.

"ಅಕ್ಕೋರ ಮನಿಗೆ ಹೊಂಟೀಯಲ್ಲ? ನಡಿ, ನಾನೂ ಬರ್ತೇನಿ."

ಅಕ್ಕೋರು ಬಾಗಿಲಲ್ಲಿ ಅವ್ವನನ್ನು ಕಂಡು ಗಾಬರಿಯಾದರು. "ಬರ್ರಿ" ಎಂದರು, ಚಾಪೆ ಹಾಸಿದರು, ಎಲ್ಲಿ ಕೂಡಬೇಕೆಂದು ತಮಗೇ ತಿಳಿಯದೆ ನಿಂತರು. ಅವ್ವ ಅವರ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ನನ್ನನ್ನು ಹೊರಗೆ ಆಡಲು ಕಳಿಸಿದರು. ಹಿತ್ತಲಿನ ಪೇರಲ ಗಿಡದ ಕೆಳಗೆ ನಾನು ಎಷ್ಟೋ ಹೊತ್ತು ಕುಳಿತೆ. ಮೊದಲು ಒಳಗಿಂದ ಅವ್ವನ ದನಿಯೊಂದೇ ಬರುತ್ತಿತ್ತು. ಆಮೇಲೆ ಎರಡು ದನಿ. ಆಮೇಲೆ ಒಬ್ಬರು ನಕ್ಕರು. ಅದು ಅವ್ವನ ನಗೆಯಾಗಿರಲಿಲ್ಲ.

ಮನೆಗೆ ಮರಳಿದಾಗ ಅಪ್ಪ ಅಂಗಳದಲ್ಲಿ ಆರಾಮಕುರ್ಚಿಯ ಮೇಲೆ ಕುಳಿತಿದ್ದರು. ಅವ್ವ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಅವರ ಮುಂದೆ ನಿಂತಳು.

"ಅಕ್ಕೋರ ಹೆಸರು ಸರಸ್ವತಿ ಅಂತ," ಎಂದಳು. "ನನಗಿಂತ ಎರಡು ವರ್ಷ ಸಣ್ಣಾಕಿ."

ಅವ್ವನಿಗೆ ಆಗ ಇಪ್ಪತ್ತೇಳು. ನಾನು ಅಕ್ಕೋರನ್ನು ಅಲ್ಲಿಯವರೆಗೆ ಮುದುಕಿಯೆಂದು ತಿಳಿದಿದ್ದೆ.

"ನಾಳೆ ಊಟಕ್ಕ ಕರೀಲೇನು ಅವರನ್ನ?" ಎಂದು ಅವ್ವ ಕೇಳಿದಳು.

"ನಾಳೆ ಯಾಕ? ಹಬ್ಬ ಇವತ್ತದ," ಎಂದರು ಅಪ್ಪ. "ಇವತ್ತಽ ಕರಿ. ಕಮಲೀನ್ನ ಕಳಸು. ಆಕಿ ಛಲೋ ಹೇಳ್ತಾಳ."

ಅವರ ಮಾತು ಮುಗಿಯುವುದರೊಳಗೆ ನಾನು ಅಂಗಳ ದಾಟಿದ್ದೆ.